ಒಂದೇ ಕೂಗಿಗೆ ಏಳುವ ಹುಡುಗಿ

ಕೊಟ್ಟೂರಿನ ಪಿಂಜಾರ ಓಣಿಯ ಜಮಾಲುದ್ದೀನನಿಗೆ ಎರಡು ಕಸುಬು. ಹಗಲೆಲ್ಲ ಹತ್ತಿ ಹಿಂಜಿ ಗಾದಿ ಹೊಲಿಯುವುದು, ಬೆಳಗಿನ ಜಾವ ಎದ್ದು ಆ ಗಾದಿಗಳ ಮೇಲೆ ಮಲಗಿದವರನ್ನು ಎಬ್ಬಿಸುವುದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತಿತ್ತು, ಎರಡನೆಯದರಿಂದ ಬೈಗುಳ ಸಿಗುತ್ತಿತ್ತು. ಆದರೂ ಯಾರಾದರೂ ಕೇಳಿದರೆ ಅವನು ಎರಡನೆಯದನ್ನೇ ದೊಡ್ಡದು ಮಾಡಿ ಹೇಳುತ್ತಿದ್ದ.

"ಗಾದಿ ಯಾರು ಬೇಕಾದ್ರೂ ಹೊಲೀತಾರ. ಮಲಗಿದೋರನ್ನ ಎಬ್ಬಸೋದು ಎಲ್ರಿಗೂ ಬರಂಗಿಲ್ಲ. ಅದಕ್ಕ ದನಿ ಬೇಕು," ಎನ್ನುವನು.

ದನಿಯೇನೋ ಇತ್ತು. ಆ ದನಿಯ ಬಗ್ಗೆ ಅವನ ಹೆಂಡತಿ ಜಾನಬಿಗೆ ಬೇರೆಯೇ ಅಭಿಪ್ರಾಯವಿತ್ತು. ಅದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಎಬ್ಬಿಸುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವವರು ಹೊತ್ತು ಮೂಡುವ ಮುಂಚೆ ಸಹರಿ ಊಟ ಮುಗಿಸಬೇಕಲ್ಲ, ಅವರನ್ನು ಮನೆಮನೆಗೆ ಹೋಗಿ ಎಬ್ಬಿಸಿ ಬರುವುದು ಆ ಮನೆತನದ ಪಾಲಿಗೆ ಬಂದ ಸೇವೆ. ಅಪ್ಪ ಹೋದಮೇಲೆ ಜಮಾಲಸಾಬ ಮುಂದುವರಿಸಿದ. ಕೈಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ನರಕ್ಕೆ ಹೊಡೆಯುವ ಮರದ ಗುಂಡು. ಊರಿಗೆ ಹಿಂಜುವ ಮಷಿನ್ನು ಬಂದಮೇಲೆ ಬಿಲ್ಲು ಗೋಡೆಯ ಗೂಟ ಸೇರಿತ್ತು, ಗುಂಡಿಗೆ ಮಾತ್ರ ಈ ಕೆಲಸ ಉಳಿದಿತ್ತು. ಅದರಿಂದ ಬಾಗಿಲಿಗೆ ಎರಡು ಸಲ ಮೆಲ್ಲಗೆ ತಟ್ಟಿ, ಹೆಸರು ಹಿಡಿದು ಒಂದು ಕೂಗು ಹಾಕುವುದು ಅವನ ಪದ್ಧತಿ.

ಒಂದು ವರ್ಷ ರಂಜಾನು ಪರೀಕ್ಷೆಯ ಕಾಲಕ್ಕೇ ಬಂದಿತ್ತು. ಅವನದೇ ಓಣಿಯ ಎರ್ರೆಪ್ಪನ ಹಿರಿಮಗ ಹತ್ತನೇ ಇಯತ್ತೆಗೆ ಗೂಟ ಹೊಡೆದುಕೊಂಡು ಕೂತವನು, ಈ ಸಹರಿ ಕೂಗಿಗೆ ಎಚ್ಚರಾಗಿ, ಬೇರೇನೂ ಮಾಡಲು ತೋಚದೆ ಪುಸ್ತಕ ತೆಗೆದನಂತೆ. ಪಾಸಾಗಿಬಿಟ್ಟ. ಅವನ ಪಾಸಿಗೆ ಮಾಸ್ತರರೂ ಕಾರಣರಿರಬಹುದು, ಅವನ ಅದೃಷ್ಟವೂ ಇರಬಹುದು. ಆದರೆ ಎರ್ರೆಪ್ಪ ಊರೆಲ್ಲ ಹೇಳಿಕೊಂಡು ಬಂದದ್ದು ಜಮಾಲಸಾಬನ ಹೆಸರನ್ನು. ಅಲ್ಲಿಂದ ಶುರುವಾಯಿತು ನೋಡಿ. ಎಸ್ಸೆಸ್ಸೆಲ್ಸಿ ಮಕ್ಕಳಿದ್ದ ಮನೆಯವರೆಲ್ಲ, ಹಿಂದೂ ಮುಸ್ಲಿಂ ಅನ್ನದೆ, "ಜಮಾಲಣ್ಣ, ನಮ್ಮುಡುಗನ್ನೂ ಒಂದು ಕೂಗು ಕೂಗಪಾ" ಅನ್ನತೊಡಗಿದರು. ಯುಗಾದಿಗೆ ಆ ಮನೆಗಳಿಂದ ಬರುವ ಹೋಳಿಗೆಯನ್ನು ಜಾನಬಿ ಅಕ್ಕಪಕ್ಕದವರಿಗೆ ಹಂಚಿ ಸುಸ್ತಾಗುತ್ತಿದ್ದಳು.

ಅವನಿಗೆ ಆ ಮಕ್ಕಳ ಮೇಲೆ ಬಹಳ ಅಕ್ಕರೆ. ಯಾರ ನಿದ್ದೆ ಎಂಥದ್ದು ಅನ್ನುವುದು ಬಾಯಿಪಾಠವಾಗಿತ್ತು. ಎರ್ರೆಪ್ಪನ ಕಿರಿಮಗ ಗಾದಿಲಿಂಗ "ಎದ್ದೆ" ಅಂತ ಹೇಳಿ ಮಗ್ಗುಲು ಬದಲಿಸುವ ಜಾತಿ. ಅಸದುಲ್ಲಾನ ಮಗಳು ಕೌಸರ್ ನಿದ್ದೆಯಲ್ಲೇ ಮಗ್ಗಿ ಒಪ್ಪಿಸಿ ತಿರುಗಿ ಮಲಗುವವಳು. ಕೆಲವರು ಮೂರನೇ ಕೂಗಿಗೆ ಒಳಗಿಂದಲೇ ಅವನ ವಂಶವನ್ನು ನೆನೆಯುತ್ತಿದ್ದರು. ಬೆಳಕು ಹರಿದಮೇಲೆ ಅವರೇ ಅಂಗಡಿ ಮುಂದೆ ಹಾಯುವಾಗ "ತಾತ, ಬೆಳಿಗ್ಗೆ ನಾನು ಏನಾರ ಅಂದ್ನೇನು?" ಎಂದು ಹಲ್ಲು ಕಿರಿಯುವರು. "ಏನೂ ಅನಲಿಲ್ಲ ಬಿಡಪ, ನಮ್ಮಪ್ಪನ್ನ ಒಂಚೂರು ಮಾತಾಡಿಸಿದಿ," ಎಂದು ಇವನು ನಗುವನು.

ಇದ್ದವರಲ್ಲೆಲ್ಲ ಅವನ ಮುದ್ದಿನವಳು ದುರ್ಗಾದೇವಿ. ಮಂಡಕ್ಕಿ ಭಟ್ಟಿಯ ಗುರುಸಂಗಪ್ಪನ ಮಗಳು. ಎದುರು ಮನೆ. ಭಟ್ಟಿಯವರದು ಬೆಳಗಿನ ಜಾವಕ್ಕೇ ಒಲೆ ಹೊತ್ತಿಸುವ ಬಾಳು, ಹಾಗಾಗಿ ಹೊತ್ತೇರುವ ತನಕ ಮಲಗಿದವರನ್ನು ಕಂಡರೆ ಗುರುಸಂಗಪ್ಪನಿಗೆ ಮೈಯುರಿ. ಮಗಳು ಚಿಕ್ಕವಳಿದ್ದಾಗಿನಿಂದ ಲಂಗದ ಮಡಿಲಲ್ಲಿ ಬಿಸಿ ಮಂಡಕ್ಕಿ ತುಂಬಿಕೊಂಡು ಬಂದು ಜಮಾಲಸಾಬನ ಹತ್ತಿಯ ಗುಡ್ಡೆಯ ಮೇಲೆ ಬೀಳುತ್ತಿದ್ದಳು. "ಎಲ್ಲಾರ ಮನಿ ಗಾದ್ಯಾಗೂ ಗುರುಸಂಗಪ್ಪನ ಮಂಡಕ್ಕಿ ಸಿಗತಾವ," ಅಂತ ಜಾನಬಿ ಬಯ್ಯುವಳು. ಬಯ್ದು, ಅವಳ ತಲೆಗೆ ಹತ್ತಿದ ಹತ್ತಿಯನ್ನು ತಾನೇ ಬಿಡಿಸಿ ಕಳಿಸುವಳು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವಳು ಹತ್ತನೇ ಇಯತ್ತೆಗೆ ಬಂದಳು. ಪರೀಕ್ಷೆಯ ಓದು ಶುರುವಾಗುವ ಹೊತ್ತಿಗೆ ಅಪ್ಪ ಪಡಸಾಲೆಯ ಮಗ್ಗುಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ಹೊಸ ಗಾದಿ ಹೊಲಿಯಲು ಹೇಳಿದ. ಜಮಾಲಸಾಬ ಹಡಗಲಿ ಕಡೆಯ ಒಳ್ಳೇ ಹತ್ತಿ ತರಿಸಿ, ಯಾರಿಗೂ ತುಂಬದಷ್ಟು ಒತ್ತಾಗಿ ತುಂಬಿ, ನಾಲ್ಕು ಮೂಲೆಯನ್ನೂ ತಾನೇ ಕೂತು ಹೊಲಿದ.

ಆ ವರ್ಷ ದೀಪಾವಳಿಯ ಬೆನ್ನಿಗೇ ರಂಜಾನ್ ಬಂತು, ರಂಜಾನ್ ಮುಗಿದದ್ದೇ ಪರೀಕ್ಷೆಯವರನ್ನು ಎಬ್ಬಿಸುವ ಕಾಲ ಬಂತು. ಮೊದಲ ದಿನ ಗುರುಸಂಗಪ್ಪನ ಬಾಗಿಲಿಗೆ ಎರಡು ಸಲ ತಟ್ಟಿ "ದುರ್ಗವ್ವಾ" ಎಂದನೋ ಇಲ್ಲವೋ, ಒಳಗಿಂದ ಸ್ಪಷ್ಟವಾದ ದನಿ ಬಂತು: "ಎದ್ದೀನಿ ತಾತಾ."

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಜಮಾಲಸಾಬನಿಗೆ ಖುಷಿಯಾಗಿ ಹೋಯಿತು. ಇಷ್ಟು ವರ್ಷದ ಎಬ್ಬಿಸುವ ಬಾಳಿನಲ್ಲಿ ಹೀಗೆ ಒಂದೇ ಕೂಗಿಗೆ ಎದ್ದವರಿರಲಿಲ್ಲ. ಗಾದಿ ಒಯ್ಯಲು ಬಂದವರಿಗೆ, ಚಹಾದಂಗಡಿಯಲ್ಲಿ ಕೂತವರಿಗೆ, ಹಗರಿಬೊಮ್ಮನಹಳ್ಳಿ ಬಸ್ಸಿಗೆ ಕಾಯುತ್ತ ನಿಂತ ಅಪರಿಚಿತರಿಗೂ ಹೇಳಿದ. ಗಾದಿಲಿಂಗನನ್ನು ಎಬ್ಬಿಸುವಾಗಲಂತೂ ದಿನಾ ಅದೇ ಮಂತ್ರ: "ನಮ್ಮ ಎದುರು ಮನಿ ಹುಡುಗೀನ್ನ ನೋಡಲೇ. ಒಂದ ಕೂಗಿಗೆ ಏಳತಾಳ. ಎರಡನೇ ಕೂಗು ಅಂಬೋದನ್ನ ಕೇಳಿದಾಕಿ ಅಲ್ಲ."

ಓಣಿ ಕಿರಿದು, ದನಿ ದೊಡ್ಡದು. ಅವನು ಹೇಳಿದ್ದು ಎದುರು ಮನೆಯ ಕೋಣೆಗೂ ಕೇಳುತ್ತಿತ್ತು ಅನ್ನುವುದು ಅವನ ತಲೆಗೆ ಹೋಗಲಿಲ್ಲ. ಹೋಗಿದ್ದರೂ, ಕೇಳಲಿ, ಮಗು ಹಿಗ್ಗಲಿ ಅಂದುಕೊಳ್ಳುತ್ತಿದ್ದನೇನೋ.

ಸಂಕ್ರಾಂತಿಯ ಹೊತ್ತಿಗೆ ಹುಡುಗಿ ಬಾಡತೊಡಗಿದಳು. ಶಾಲೆಗೆ ಹೋಗುವಾಗ ಅಂಗಡಿಯತ್ತ ಕತ್ತೆತ್ತಿ ನೋಡುವುದು ನಿಂತಿತು. ಬಡಿಸಿದ ತಾಟು ಹಾಗೇ ಉಳಿಯುತ್ತದೆ ಎಂದು ಅವಳ ತಾಯಿ ಗೀತಮ್ಮ ಬಂದು ಜಾನಬಿಯ ಮುಂದೆ ಕಣ್ಣೀರು ಹಾಕಿದಳು. ಮಾತಾಡಿಸಿದರೆ ಸಿಟ್ಟು, ಸುಮ್ಮನೆ ಬಿಟ್ಟರೆ ಅಳು. ಮೊದಲೆಲ್ಲ ಲೆಕ್ಕದಲ್ಲಿ ಮುಂದಿದ್ದವಳು ಬರೆದದ್ದನ್ನೇ ಮತ್ತೆ ಬರೆಯುತ್ತ ಕೂರುತ್ತಾಳೆ. ಒಂದು ದಿನ ಅವ್ವನ ಮಡಿಲಲ್ಲಿ ಮುಖವಿಟ್ಟು, "ನಾ ಯಾಕರ ಹುಟ್ಟೀನಿ, ನನ್ನಿಂದ ಯಾರಿಗೇನು ಉಪಯೋಗೈತಿ?" ಅಂದಳಂತೆ. ಹದಿನೈದು ವರ್ಷದ ಮಗುವಿನ ಬಾಯಲ್ಲಿ ಬರುವ ಮಾತೇ ಅದು?

ಜಮಾಲಸಾಬನ ತೀರ್ಮಾನ ತಯಾರಿತ್ತು. ತಾನು ಊರೆಲ್ಲ ಹೊಗಳಿದ್ದಕ್ಕೆ ದೃಷ್ಟಿಯಾಗಿದೆ. ದರ್ಗಾಕ್ಕೆ ಹೋಗಿ ತಾಯತ ಮಾಡಿಸಿ ತಂದು ಕೊಟ್ಟ. ಹುಡುಗಿ ಮರುಮಾತಿಲ್ಲದೆ ಕಟ್ಟಿಸಿಕೊಂಡಳು. ಬೆಳಗಿನ ಕೂಗಿಗೆ ಮಾತ್ರ ಎಂದಿನಂತೆ ಒಂದೇ ಸಲಕ್ಕೆ "ಎದ್ದೀನಿ ತಾತಾ" ಬರುತ್ತಿತ್ತು, ಅದನ್ನು ಕೇಳಿ ಅವನು ಇಷ್ಟಾದರೂ ನೆಟ್ಟಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ.

ಗುರುಸಂಗಪ್ಪನ ತಾಯಿ ಈರಕ್ಕ ಮಾತ್ರ ಬೇರೆ ದಾರಿ ಹಿಡಿದಳು. ಮೊಮ್ಮಗಳಿಗೆ ನಿದ್ದೆಯಿಲ್ಲ ಎಂಬುದನ್ನು ಆ ಮನೆಯಲ್ಲಿ ಮೊದಲು ಕಂಡವಳು ಅವಳೇ. ಮುದುಕರಿಗೆ ಎಚ್ಚರ ಜಾಸ್ತಿ. ಆದರೆ ಕಂಡದ್ದಕ್ಕೆ ಅವಳು ಕಟ್ಟಿದ ಅರ್ಥವೇ ಬೇರೆ. ಒಂದು ಮಧ್ಯಾಹ್ನ ಜಮಾಲಸಾಬನನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿಕೊಂಡು, ಮೆಲ್ಲಗೆ ಅಂದಳು: "ಜಮಾಲು, ಸಿಟ್ಟಾಗಬ್ಯಾಡ. ಆ ಗಾದಿ ಬಂದ ವರ್ಷನ ಹುಡುಗಿ ನಿದ್ದಿ ಹೋತು. ನೀ ಹೊಲಿಯೋ ಮುಂದ ಯಾರಾರ ಅದರಾಗ ಏನಾರ ಇಟ್ಟಾರೇನು ನೋಡಪಾ. ಕೂದಲಾ, ನಿಂಬಿಹಣ್ಣಾ, ತಗಡಾ... ಒಮ್ಮಿ ಬಿಚ್ಚಿಬಿಡು."

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ತನ್ನ ಗಾದಿಯಲ್ಲಿ ಮಾಟವೆ! ಮೂರು ತಲೆಮಾರಿನ ಕಸುಬು. "ಬಿಚ್ಚತೀನಿ ತಗಿ," ಎಂದು ಗಾದಿಯನ್ನು ಅಂಗಳಕ್ಕೆ ಎಳೆತರಿಸಿ, ಅರ್ಧ ಓಣಿಯ ಎದುರಿಗೆ, ಒಂದೊಂದೇ ಹೊಲಿಗೆ ಕೊಯ್ದ. ಬಟ್ಟೆಯನ್ನು ಎರಡೂ ಕಡೆ ಮಗುಚಿ ಹಾಕಿದ.

ಕೂದಲಿರಲಿಲ್ಲ, ನಿಂಬೆಹಣ್ಣಿರಲಿಲ್ಲ. ಬರೀ ಹತ್ತಿ. ಗೆದ್ದೆನೆಂಬಂತೆ ಈರಕ್ಕನ ಕಡೆ ತಿರುಗಬೇಕೆಂದವನು ಹಾಗೇ ನಿಂತುಬಿಟ್ಟ. ಆ ಹತ್ತಿ ತುಂಬಿದ ದಿನ ಹೇಗಿತ್ತೋ ಹಾಗೇ ಇತ್ತು. ಎರಡೇ ತಿಂಗಳು ಮೈ ಮಲಗಿದ ಗಾದಿಯಲ್ಲೂ ನಡುವೆ ತಗ್ಗು ಬೀಳುತ್ತದೆ, ಹತ್ತಿ ಗಂಟು ಕಟ್ಟುತ್ತದೆ, ಬೆವರಿನ ವಾಸನೆ ಹಿಡಿಯುತ್ತದೆ. ಇದರಲ್ಲಿ ಒಂದೂ ಇಲ್ಲ. ಅಂಗೈಯಿಂದ ಒತ್ತಿದ, ಅದು ಉಬ್ಬಿಕೊಂಡು ಮೇಲೆದ್ದು ಬಂತು.

"ಗೀತಮ್ಮಾ," ಎಂದ, "ಇದರ ಮ್ಯಾಲ ಯಾರೂ ಮಲಗಿಲ್ಲಲ್ಲವ್ವಾ."

ಎಲ್ಲರೂ ದುರ್ಗಾದೇವಿಯ ಕಡೆ ನೋಡಿದರು. ಅವಳು ಬಾಗಿಲ ತೋಳಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವಿಲ್ಲ, ಕಣ್ಣ ಸುತ್ತ ಕಪ್ಪು. ಇಷ್ಟು ದಿನ ಇದನ್ನು ತಾನು ನೋಡಿಯೂ ನೋಡಲಿಲ್ಲವೆ ಎಂದುಕೊಂಡ ಜಮಾಲಸಾಬ. ಓಣಿಯವರನ್ನೆಲ್ಲ ಹೊರಗೆ ಕಳಿಸಿ, ಹತ್ತಿಯ ಮಗ್ಗುಲಲ್ಲಿ ಅವಳನ್ನು ಕೂರಿಸಿಕೊಂಡು ಕೇಳಿದ.

ಮೊದಮೊದಲು ಬೇಕೆಂದೇ ನೆಲದ ಮೇಲೆ ಮಲಗುತ್ತಿದ್ದಳಂತೆ. ಮೆತ್ತನ್ನ ಗಾದಿ, ನಿದ್ದೆ ಜೋರು ಹತ್ತಿದರೆ ಕೂಗು ಕೇಳಿಸದೆ ಹೋದೀತು ಅಂತ. "ಎರಡನೇ ಸರಿ ಕೂಗಿಸಿಕೊಂಡ್ರ ನಿಮ್ಮ ಮಾತು ಸುಳ್ಳಾಕ್ಕೈತಲ್ಲ ತಾತ. ಎಲ್ರ ಮುಂದೂ ಹೇಳೀರಿ." ಆಮೇಲೆ ಗೋಡೆಗೆ ಒರಗಿ ಕೂತೇ ಕಾಯುವುದು ರೂಢಿಯಾಯಿತು. ಈಗ ಮಲಗಬೇಕೆಂದರೂ ನಿದ್ದೆ ಬರುವುದಿಲ್ಲ. "ಕಣ್ಣು ಮುಚ್ಚಿದ್ರ ನಿಮ್ಮ ಗುಂಡಿನ ಸಪ್ಪಳನ ಕೇಳತೈತಿ. ನೀವು ಬಂದಿರಂಗಿಲ್ಲ, ಆದ್ರೂ ಕೇಳತೈತಿ. ಓದಿದ್ದು ತಲಿಯಾಗ ನಿಲ್ಲಂಗಿಲ್ಲ. ಏನೂ ಬ್ಯಾಡ ಅನಸತೈತಿ ತಾತ."

ಒಂದೇ ಕೂಗಿಗೆ ಅವಳು ಏಳುತ್ತಿದ್ದದ್ದು ಯಾಕೆ ಅಂದರೆ, ಅವಳು ಮಲಗಿರಲೇ ಇಲ್ಲ. ಇಷ್ಟು ದಿನ ಅವನು ಊರೆಲ್ಲ ಡಂಗುರ ಸಾರಿದ್ದು ಒಂದು ಮಗುವಿನ ನಿದ್ದೆಗೇಡನ್ನು. ಗಾದಿಲಿಂಗ 'ಎದ್ದೆ' ಅಂದು ಮಲಗುತ್ತಿದ್ದನಲ್ಲ, ಅವನು ಪುಣ್ಯವಂತ. ಜಮಾಲಸಾಬ ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದು, ಅರವತ್ತರ ಮುದುಕ, ಚಿಕ್ಕ ಹುಡುಗನ ಹಾಗೆ ಅತ್ತ. ಹುಡುಗಿಯೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಡಾಕ್ಟರ ಹತ್ತಿರ ಹೋಗೋಣ ಅಂದಾಗ ಗುರುಸಂಗಪ್ಪ ಮೊದಲು ಒಪ್ಪಲಿಲ್ಲ. "ತಲಿ ಡಾಕ್ಟ್ರ ಕಡೆ ಹೋದ್ರ ನಾಳೆ ಲಗ್ನಕ್ಕ ಯಾರು ಕೇಳತಾರಣ್ಣ?" ಎಂದ. ಜಮಾಲಸಾಬ ಜಗಳಕ್ಕೇ ಬಿದ್ದ. "ಲಗ್ನ ಆಮ್ಯಾಲ, ಮೊದಲು ಮಗಳು ಇರಲಿ," ಅಂದುಬಿಟ್ಟ. ಅಂದಮೇಲೆ ಇಬ್ಬರಿಗೂ ಆ ಮಾತಿಗೆ ಹೆದರಿಕೆಯಾಗಿ, ಮರುದಿನವೇ ಬಸ್ಸು ಹತ್ತಿದರು. ಹರಪನಹಳ್ಳಿಯಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದ ಒಬ್ಬ ಡಾಕ್ಟರಮ್ಮ ಇದ್ದಳು. ಒಳ್ಳೆಯ ಹೆಣ್ಣುಮಗಳು. ಮೊದಲು ಹುಡುಗಿಯ ಜೊತೆ ಒಬ್ಬಳೇ ಕೂತು ಬಹಳ ಹೊತ್ತು ಮಾತಾಡಿ, ಆಮೇಲೆ ಇವರನ್ನು ಒಳಗೆ ಕರೆದಳು.

"ಈ ವಯಸ್ಸಿನ ಮಕ್ಕಳಿಗೆ ನಮಗಿಂತ ಜಾಸ್ತಿ ನಿದ್ದೆ ಬೇಕು. ರಾತ್ರಿ ನಿದ್ದೆ ಬರೋದೂ ತಡ, ಬೆಳಿಗ್ಗೆ ಬಿಡೋದೂ ತಡ. ಅದು ಸೋಮಾರಿತನ ಅಲ್ಲ, ಬೆಳೆಯೋ ಮೈಯ ಗುಣ. ನಿದ್ದೆ ಕೆಟ್ಟರೆ ಮನಸ್ಸು ಕೆಡತ್ತೆ, ಮನಸ್ಸು ಕೆಟ್ಟರೆ ನಿದ್ದೆ ಇನ್ನೂ ಕೆಡತ್ತೆ. ಗಾಣದ ಎತ್ತಿನ ಥರ ಸುತ್ತತಾ ಇರತ್ತೆ. ನಾವು ಮೊದಲು ನಿದ್ದೆ ಕಡೆಯಿಂದ ಹಿಡಿಯೋಣ," ಎಂದಳು. ರಾತ್ರಿ ಊಟವಾದಮೇಲೆ ಪುಸ್ತಕ ಬೇಡ, ಚಹಾ ಬೇಡ. ದಿನಾ ಒಂದೇ ಹೊತ್ತಿಗೆ ಹಾಸಿಗೆ. ಬೆಳಗಿನ ಬಿಸಿಲಲ್ಲಿ ಒಂದಿಷ್ಟು ಓಡಾಟ. ಆಗಾಗ ಬಂದು ತೋರಿಸಬೇಕು. ಆ 'ಯಾಕೆ ಹುಟ್ಟಿದೆ' ಅನ್ನೋ ಮಾತು ಮತ್ತೆ ಬಂದರೆ ಹಗಲು ರಾತ್ರಿ ನೋಡದೆ ಕರೆತರಬೇಕು, ಒಬ್ಬಳನ್ನೇ ಬಿಡಬಾರದು. "ಸದ್ಯಕ್ಕೆ ಶಾಲೆ ಒಂದಿಷ್ಟು ತಪ್ಪಿದರೂ ಪರವಾಗಿಲ್ಲ. ಅವಳು ಏಳೋ ತನಕ ಯಾರೂ ಎಬ್ಬಿಸಬೇಡಿ."

ವಾಪಸ್ಸು ಬರುವ ಬಸ್ಸಿನಲ್ಲಿ ಗುರುಸಂಗಪ್ಪ ಲೆಕ್ಕ ಹಾಕಿದ. "ಏಳರ ತನಕ ಮಲಗಲಿ ಅಂದ್ರು. ಏಳು ಅಂದ್ರ ಬಾಳ ಹೊತ್ತಾತು. ಆಗಲಿ, ಡಾಕ್ಟ್ರು ಹೇಳ್ಯಾರ."

"ಏಳರ ತನಕ ಅಲ್ಲೋ ಗುರುಸಂಗಪ್ಪ, ಏಳೋ ತನಕ."

"ಅದನ್ನ ನಾನೂ ಅಂದಿದ್ದು. ಏಳು."

"ಗಡಿಯಾರದ ಏಳಲ್ಲಪ. ತಾನಾಗಿ ಏಳೋದು."

"ತಾನಾಗಿ ಎದ್ದದ್ದು ಎಂಟಾದ್ರ?"

"ಎಂಟು."

ಗುರುಸಂಗಪ್ಪ ಬೆರಳು ಮಡಿಚಿ ಮತ್ತೆ ಎಣಿಸತೊಡಗಿದ. ಕಿಟಕಿಯ ಪಕ್ಕ ಕೂತ ದುರ್ಗಾದೇವಿ ತುಟಿಯಂಚಿನಲ್ಲಿ ನಕ್ಕಂತಿತ್ತು. ಜಮಾಲಸಾಬ ನೋಡಿದ, ನೋಡಿದ್ದು ಗೊತ್ತಾಗದಂತೆ ಮುಖ ತಿರುಗಿಸಿದ.

ಬಿಚ್ಚಿದ ಗಾದಿಯನ್ನು ಮತ್ತೆ ತುಂಬಬೇಕಿತ್ತು. ಆ ಹತ್ತಿಗೆ ಹಿಂಜುವ ಅಗತ್ಯವೇ ಇರಲಿಲ್ಲ. ಆದರೂ ಜಮಾಲಸಾಬ ಗೂಟದಿಂದ ಹಳೇ ಬಿಲ್ಲು ಇಳಿಸಿ, ನರ ಬಿಗಿದು, ಗುರುಸಂಗಪ್ಪನ ಪಡಸಾಲೆಯಲ್ಲೇ ಕೂತ. ಈ ಗಾದಿಯನ್ನು ಮಷಿನ್ನಿಗೆ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಊಟದ ಹೊತ್ತು ಮುಗಿದಿತ್ತು, ಹೊರಗೆ ಬಿಸಿಲು. ಗುಂಡಿನಿಂದ ನರಕ್ಕೆ ಹೊಡೆದಂತೆಲ್ಲ ಟೊಂಯ್ ಟೊಂಯ್ ಎಂದು ಒಂದೇ ಹದದ ನಾದ, ಹತ್ತಿ ಎಳೆಎಳೆಯಾಗಿ ಹಾರಿ ಬೀಳುತ್ತಿತ್ತು. ಹುಡುಗಿ ಕಂಬಕ್ಕೆ ಒರಗಿ ನೋಡುತ್ತ ಕೂತಿದ್ದಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ಅವಳ ತಲೆ ವಾಲಿತು. ಆಮೇಲೆ ಮೆಲ್ಲಗೆ ಹತ್ತಿಯ ಗುಡ್ಡೆಯ ಅಂಚಿಗೆ ಜಾರಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿಬಿಟ್ಟಳು.

ಜಮಾಲಸಾಬ ಉಸಿರು ಬಿಗಿಹಿಡಿದ. ಕೈ ನಿಲ್ಲಿಸಿದರೆ ಎಚ್ಚರಾದಾಳೆಂಬ ಭಯ. ಹಿಂಜಿದ್ದನ್ನೇ ಹಿಂಜಿದ. ಭುಜ ಸೋತಿತು, ಬೆರಳು ಜೋಮು ಹಿಡಿಯಿತು. ಗೀತಮ್ಮ ನೀರು ತಂದು ಅವನ ಬಾಯಿಗೇ ಹಿಡಿದಳು. ಈರಕ್ಕ ಹೊರಗೆ ಕೂತು ಹಾದಿಯಲ್ಲಿ ಹೋಗುವವರನ್ನೆಲ್ಲ ಕೈಸನ್ನೆಯಲ್ಲೇ ಗದರಿಸುತ್ತಿದ್ದಳು. ಹೊತ್ತು ಇಳಿದು ದನ ಮನೆಗೆ ಬರುವ ತನಕ ಆ ಬಿಲ್ಲು ನುಡಿಯುತ್ತಲೇ ಇತ್ತು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಂತಾರೆ. ಆ ಸಂಜೆ ಜಮಾಲಸಾಬನಿಗೆ ತೋಳು ಎತ್ತಲಾಗದೆ ಜಾನಬಿಯೇ ತುತ್ತು ಮಾಡಿ ಉಣಿಸಿದಳು, ಬಯ್ಯುತ್ತ ಬಯ್ಯುತ್ತ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮಧ್ಯಾಹ್ನ ನಿದ್ದೆ ಬಂದವಳಿಗೆ ಬೆಳಗಿನ ಜಾವ ಕಣ್ಣು ಬಿಟ್ಟುಕೊಳ್ಳುತ್ತಿತ್ತು. ಅವಳ ಬಾಗಿಲನ್ನು ಬಿಟ್ಟು ಉಳಿದ ಮನೆಗಳಿಗೆ ಜಮಾಲಸಾಬ ಹೋಗುತ್ತಿದ್ದ, ಆ ಸಪ್ಪಳಕ್ಕೇ ಅವಳು ಎದ್ದು ಕೂರುತ್ತಿದ್ದಳು. ಗೀತಮ್ಮ ಹೇಳಿದಾಗ ಅವನು ಒಂದು ದಿನ ಯೋಚನೆ ಮಾಡಿದ. ಅಪ್ಪನ ಕಾಲದ ದನಿ. ಊರು ಮೆಚ್ಚಿದ ದನಿ. ಅದನ್ನು ಬಿಟ್ಟರೆ ತಾನು ಬರೀ ಗಾದಿ ಹೊಲಿಯುವ ಒಬ್ಬ ಮುದುಕ. ನೋವಾಗಲಿಲ್ಲ ಅಂದರೆ ಸುಳ್ಳು. ಆದರೂ ಮರುದಿನ ಮನೆಮನೆಗೆ ಹೋಗಿ, ಈ ಸಲ ಎಬ್ಬಿಸಲು ಬರುವುದಿಲ್ಲ ಎಂದು ಹೇಳಿ ಬಂದ.

ಎರ್ರೆಪ್ಪ ರೇಗಿದ. "ಪರೀಕ್ಷಿ ಬಾಗಲಿಗೆ ಬಂದು ನಿಂತೈತಿ, ಈಗ ಕೈ ಬಿಡತೀಯಲ್ಲಣ್ಣ. ಒಬ್ಬಾಕಿ ಸಲುವಾಗಿ ಎಲ್ಲಾರೂ ಮಲಗಬೇಕೇನು?"

"ನಿನ್ನ ಮಗನ್ನ ನೀ ಎಬ್ಬಸಿಕೋಪಾ, ನಾ ಬ್ಯಾಡನ್ನಂಗಿಲ್ಲ," ಎಂದ ಜಮಾಲಸಾಬ. "ಆದ್ರ ಆಕಿ ಚಂದಾಗಿ ಮಲಗೋ ತನಕ ನನ್ನ ದನಿ ಈ ಓಣ್ಯಾಗ ಏಳಂಗಿಲ್ಲ. ತಪ್ಪು ತಿಳೀಬ್ಯಾಡ."

ಎರ್ರೆಪ್ಪ ಸಿಟ್ಟಿನಲ್ಲೇ ಒಂದು ಅಲಾರಂ ಗಡಿಯಾರ ತಂದ. ಗಾದಿಲಿಂಗ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಅದರ ಮೇಲೇ ಮಲಗುತ್ತಿದ್ದ ಎಂಬ ಸುದ್ದಿ ಬಂತು.

ಬೆಳಗಿನ ಜಾವ ಜಮಾಲಸಾಬನಿಗೆ ರೂಢಿಯಂತೆ ಎಚ್ಚರಾಗುವುದು. ಎದ್ದು, ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವನು. "ಎಬ್ಬಸೋಕ ಯಾರೂ ಇಲ್ಲಂದ್ರ ನನ್ನನ್ನ ಎಬ್ಬಸಿ ಕುಂದರಸಿಕೋಬ್ಯಾಡ್ರಿ," ಎಂದು ಜಾನಬಿ ಹೊದ್ದು ಮಲಗುವಳು. ಹೀಗೆ ಕೂತು ಕೂತು ಅವನಿಗೊಂದು ಉಪಾಯ ಹೊಳೆಯಿತು. ಕೂಗುವುದೇ ಕಸುಬಾದರೆ ಮಲಗಲು ಯಾಕೆ ಕೂಗಬಾರದು?

ಅಂದಿನಿಂದ ಸಂಜೆಯ ಊಟದ ಹೊತ್ತು ಮುಗಿಯುತ್ತಿದ್ದಂತೆ ಅವನು ಓಣಿಯಲ್ಲಿ ಹೊರಡತೊಡಗಿದ. ಅದೇ ಗುಂಡು, ಅದೇ ಎರಡು ಸಲ ತಟ್ಟುವುದು, ದನಿ ಮಾತ್ರ ಮೆತ್ತಗೆ. "ಪುಸ್ತಕ ಮುಚ್ಚವ್ವಾ ಕೌಸರ್. ಗಾದಿಲಿಂಗಾ, ಲೈಟ್ ಆರಸಲೇ." ಜನ ಬಿದ್ದು ಬಿದ್ದು ನಕ್ಕರು. "ತಾತ, ಟಿವ್ಯಾಗ ಧಾರಾವಾಹಿ ಇನ್ನೂ ಮುಗದಿಲ್ಲ, ಆಮ್ಯಾಲ ಬರ್ರಿ," ಎಂದು ಹೆಂಗಸರು ಕೂಗುವರು. "ಅಳಿಸಿ ಮಲಗಿಸೋ ಧಾರಾವಾಹಿ ಯಾಕವ್ವಾ, ಬಂದ್ ಮಾಡ್ರಿ," ಎಂದು ಇವನು ಮುಂದೆ ಹೋಗುವನು. ಕೊನೆಗೆ ಗುರುಸಂಗಪ್ಪನ ಬಾಗಿಲು. ಅಲ್ಲಿ ಅವನು ತಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಒಂದು ಗಳಿಗೆ ಕೂತು, "ದುರ್ಗವ್ವಾ, ನಾಳಿ ನಾ ಕೂಗಂಗಿಲ್ಲ. ಯಾರೂ ಕೂಗಂಗಿಲ್ಲ. ಗಾದಿ ಮ್ಯಾಲ ಮಲಗು," ಎಂದು ಹೇಳಿ ಹೋಗುವನು. ಒಳಗಿಂದ "ಹ್ಞೂಂ ತಾತ" ಎನ್ನುವಳು. ದಿನಾ ಅದನ್ನೇ ಹೇಳುತ್ತಿದ್ದ. ನಂಬಿಕೆ ಹುಟ್ಟಲು ಹೇಳಿದ್ದನ್ನೇ ಹೇಳಬೇಕಾಗುತ್ತದೆ.

ಹರಪನಹಳ್ಳಿಗೆ ಮತ್ತೆ ಮತ್ತೆ ಹೋಗಿ ಬಂದರು. ಕೆಲವು ದಿನ ಚೆನ್ನಾಗಿರುವಳು, ಕೆಲವು ದಿನ ಮತ್ತೆ ಗೋಡೆ ನೋಡುತ್ತ ಕೂರುವಳು. ಗೀತಮ್ಮ ಅವಳ ಮಗ್ಗುಲಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಗುರುಸಂಗಪ್ಪ ಭಟ್ಟಿಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಅಂಗಳ ದಾಟುತ್ತಿದ್ದ. ಬೆಳಗಿನ ಜಾವ ಕೂತೇ ಇರುತ್ತಿದ್ದ ಜಮಾಲಸಾಬ ತನ್ನ ಬಾಗಿಲ ಸಂದಿನಿಂದ ಇದನ್ನು ಕಂಡು, ಆ ಒರಟು ಮನುಷ್ಯನನ್ನು ಹೊಸದಾಗಿ ಪ್ರೀತಿಸಿದ. ಶಿವರಾತ್ರಿ ಕಳೆಯುವ ಹೊತ್ತಿಗೆ ಹುಡುಗಿ ತಾಟು ಖಾಲಿ ಮಾಡತೊಡಗಿದಳು. ಒಂದು ದಿನ ಅಂಗಡಿಯ ಮುಂದೆ ಹಾಯುವಾಗ ಒಂದು ಹಿಡಿ ಮಂಡಕ್ಕಿ ಹತ್ತಿಯ ಮೇಲೆ ಎಸೆದು ಓಡಿದಳು. ಜಾನಬಿ ಬೇಕೆಂದೇ ಜೋರಾಗಿ ಬಯ್ದಳು.

ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದ ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿದಿತ್ತು, ಗುರುಸಂಗಪ್ಪ ಅಂಗಡಿಗೆ ಬಂದು ನಿಂತ. ಮೈತುಂಬ ಭಟ್ಟಿಯ ಬೂದಿ.

"ಅಣ್ಣ, ಇವತ್ತು ಶಾಲಿಯಾಗ ಹಾಲ್ ಟಿಕೀಟ್ ಕೊಡತಾರಂತ. ಆಕಿ ಇನ್ನೂ ಮಲಗ್ಯಾಳ. ಎಬ್ಬಸಬೇಕಂದ್ರ ನನಗೂ ಮನಸಿಲ್ಲ, ಆಕಿ ಅವ್ವಗೂ ಮನಸಿಲ್ಲ. ನೀ ಒಂದ ಕೂಗು ಕೂಗು ಬಾ."

ಜಮಾಲಸಾಬ ಗುಂಡು ಹಿಡಿದು ಹೊರಟ. ಆ ಕೋಣೆಯ ಬಾಗಿಲ ಮುಂದೆ ನಿಂತು ಎರಡು ಸಲ ಮೆಲ್ಲಗೆ ತಟ್ಟಿದ. "ದುರ್ಗವ್ವಾ."

ಒಳಗೆ ಸಪ್ಪಳವಿಲ್ಲ. ಕಿವಿಯಿಟ್ಟ. 'ಎದ್ದೀನಿ ತಾತಾ' ಎಂಬ ಆ ದನಿ ಎಲ್ಲಿ ಬಂದುಬಿಡುತ್ತದೋ ಎಂಬ ಹೆದರಿಕೆ. ಬರಲಿಲ್ಲ. ಮತ್ತೊಮ್ಮೆ ತಟ್ಟಿದ, ಮತ್ತೊಮ್ಮೆ ಕೂಗಿದ. ಏನೂ ಇಲ್ಲ. ಗೀತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮೂರನೆಯ ಸಲ ತನ್ನ ಹಳೇ ದನಿಯಲ್ಲಿ, ಅಪ್ಪನಿಂದ ಬಂದ ಆ ದನಿಯಲ್ಲಿ ಕೂಗಿದ.

ಒಳಗೆ ಗಾದಿ ಸರಪರ ಅಂತು. ನಿದ್ದೆಯಲ್ಲಿ ನೆನೆದ, ಸಿಡಿಮಿಡಿಯ ದನಿಯೊಂದು ಬಂತು. "ಥೂ, ಹೋಗ್ರಿ ತಾತ ಅತ್ಲಾಗ. ಇನ್ನೊಂಚೂರು ಮಲಗ್ತೀನಿ."

ಮತ್ತೆ ಮಗ್ಗುಲು ಬದಲಿಸಿದ ಸಪ್ಪಳ. ಆಮೇಲೆ ನಿಧಾನವಾದ ಉಸಿರು.

ಜಮಾಲಸಾಬ ಅಲ್ಲೇ ಹೊಸ್ತಿಲ ಪಕ್ಕ ಕುಸಿದು ಕೂತ. ಗಡ್ಡದ ತುಂಬ ಕಣ್ಣೀರು, ಬಾಯಿ ತುಂಬ ನಗು. ತನಗೆ ಸಿಕ್ಕ ಬೈಗುಳಗಳಲ್ಲೆಲ್ಲ ಇಷ್ಟು ಸಿಹಿಯಾದದ್ದು ಯಾವುದೂ ಇರಲಿಲ್ಲ ಎಂದು ಆಮೇಲೆ ಜಾನಬಿಯ ಮುಂದೆ ಹೇಳಿಕೊಂಡ.

"ಏಳಾಗಿ ಎಷ್ಟೊತ್ತಾತು," ಎಂದ ಗುರುಸಂಗಪ್ಪ, ಅವನ ಕಣ್ಣೂ ಒದ್ದೆಯಾಗಿತ್ತು. "ಇನ್ನೊಂದು ಕೂಗು ಹಾಕಣ್ಣ."

ಜಮಾಲಸಾಬ ಗುಂಡನ್ನು ಜುಬ್ಬದ ಜೇಬಿಗೆ ಹಾಕಿಕೊಂಡು ಎದ್ದ.

"ಹಾಲ್ ಟಿಕೀಟ್ ಮಧ್ಯಾಹ್ನನೂ ಕೊಡತಾರ, ನಾ ಹೋಗಿ ಮಾಸ್ತರಿಗೆ ಹೇಳತೀನಿ," ಎಂದ. "ಡಾಕ್ಟರಮ್ಮ ಏಳರ ತನಕ ಅಂದಿಲ್ಲೋ ಗುರುಸಂಗಪ್ಪ. ಏಳೋ ತನಕ ಅಂದಾರ."